ಸಂಗೀತಗಾರನಿಗೆ ಪದವಿ ಏಕೆ? ಔಪಚಾರಿಕ ಶಿಕ್ಷಣ ಮತ್ತು ಸಂಗೀತದ ಬದುಕು: ಒಂದು ಸಮೀಕ್ಷೆ

ಸಂಗೀತದಲ್ಲಿ ಮೇಲೆ ಬರಲು ಶಾಲೆ-ಕಾಲೇಜಿನ ಓದು ಬೇಕೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಕರ್ನಾಟಕದಲ್ಲಿ ಉತ್ತರವಾಗಿ ಮುಂದೆ ಬರುವುದು ಧಾರವಾಡ ಸೀಮೆಯ ಕೆಲವು ದೊಡ್ಡ ಹೆಸರುಗಳು. ಪ್ರಾಥಮಿಕ ಶಾಲೆಯ ಆಚೆಗೆ ಓದದ ಗಂಗೂಬಾಯಿ ಹಾನಗಲ್ (1913–2009), ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ ಮಲ್ಲಿಕಾರ್ಜುನ ಮನ್ಸೂರ (1910–1992), ಗುರುವನ್ನು ಹುಡುಕಿಕೊಂಡು ಹನ್ನೊಂದರ ಎಳೆ ವಯಸ್ಸಿನಲ್ಲಿ ಮನೆ ಬಿಟ್ಟು ಹೋದ ಗದಗಿನ ಭೀಮಸೇನ ಜೋಶಿ (1922–2011), ಕಣ್ಣು ಕಾಣದಿದ್ದರೂ ಸಂಗೀತ ಮತ್ತು ಸಾಹಿತ್ಯ ಎರಡರಲ್ಲೂ ದುಡಿದ ಪುಟ್ಟರಾಜ ಗವಾಯಿ (1914–2010): ಇವರಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿ ಸಂಗೀತಗಾರರಾದವರಲ್ಲ. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇಂದು ಹೊತ್ತಿರುವುದು ಗಂಗೂಬಾಯಿಯವರ ಹೆಸರನ್ನೇ. ಈ ಪಟ್ಟಿಯನ್ನು ಮುಂದಿಟ್ಟು, ಕಲೆಗೆ ಓದು ಅಗತ್ಯವಿಲ್ಲ, ಅಷ್ಟೇಕೆ, ಓದು ಕಲೆಗೆ ಅಡ್ಡಿಯೇ ಸರಿ ಎಂಬ ತೀರ್ಮಾನಕ್ಕೆ ಬರುವುದು ವಾಡಿಕೆಯಾಗಿದೆ. ತೀರ್ಮಾನ ಹಿತವಾಗಿದೆ, ಆದರೆ ಅದರ ತಳಹದಿ ಅಷ್ಟು ಗಟ್ಟಿಯಾಗಿಲ್ಲ.

ಮೊದಲಿಗೆ, ಒಂದೇ ಪ್ರಶ್ನೆಯಂತೆ ಕಾಣುವ ಇದರೊಳಗೆ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಔಪಚಾರಿಕ ಶಿಕ್ಷಣವೆಂದರೆ ಗೊತ್ತುಪಡಿಸಿದ ಪಠ್ಯಕ್ರಮ, ಗೊತ್ತುಪಡಿಸಿದ ಅವಧಿ, ಕಲಿಸಿದವನಲ್ಲದೆ ಬೇರೊಬ್ಬರು ನಡೆಸುವ ಪರೀಕ್ಷೆ ಮತ್ತು ಸಮಾಜ ಒಪ್ಪುವ ಪ್ರಮಾಣಪತ್ರ, ಈ ನಾಲ್ಕೂ ಕೂಡಿಕೊಂಡಿರುವ ವ್ಯವಸ್ಥೆ. ಇಂಥ ವ್ಯವಸ್ಥೆಯಲ್ಲಿ ಸಂಗೀತವನ್ನೇ ಕಲಿಯುವುದು ಒಂದು ವಿಷಯ. ಸಂಗೀತದ ಹೊರಗೆ, ಎಲ್ಲರಂತೆ ಗಣಿತ, ಭಾಷೆ, ವಿಜ್ಞಾನ ಓದಿ ಪದವಿ ಪಡೆಯುವುದು ಇನ್ನೊಂದು ವಿಷಯ. ಹಾಗೆಯೇ ಯಶಸ್ಸು ಎಂಬುದೂ ಒಂದಲ್ಲ. ಬೈಠಕ್ಕಿನಲ್ಲಿ ಕೂತು ರಾಗವೊಂದನ್ನು ಕಟ್ಟುವ ಶಕ್ತಿ, ಆ ಶಕ್ತಿಯಿಂದ ಸಂಸಾರ ಸಾಗಿಸುವ ಗಳಿಕೆ, ಸಮಾಜದಲ್ಲಿ ಸಿಗುವ ಮರ್ಯಾದೆ, ಮುಪ್ಪಿನಲ್ಲಿ ಯಾರ ಮುಂದೆಯೂ ಕೈಯೊಡ್ಡದ ನೆಮ್ಮದಿ, ಇವು ಬೇರೆ ಬೇರೆ. ಒಂದನ್ನು ಪಡೆದವರಿಗೆ ಮತ್ತೊಂದು ಒದಗಿಬಂದೇ ಬರುತ್ತದೆಂಬ ಭರವಸೆ ಸಂಗೀತದ ಇತಿಹಾಸದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಶಾಲೆ ಬಿಟ್ಟು ಗೆದ್ದವರ ಪಟ್ಟಿಯಲ್ಲಿ ಇನ್ನೊಂದು ದೋಷವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉತ್ತರ ಕರ್ನಾಟಕದ ನಾಟಕ ಕಂಪನಿಗಳಿಗೆ ಶಾಲೆ ಬಿಟ್ಟು ಸೇರಿದ ಹುಡುಗರು ಹಲವರಿದ್ದರು. ಅವರಲ್ಲಿ ಒಬ್ಬಿಬ್ಬರು ಮನ್ಸೂರರಾದರು, ಉಳಿದವರು ಏನಾದರೆಂಬುದನ್ನು ಯಾರೂ ಬರೆದಿಡಲಿಲ್ಲ. ಗೆದ್ದವರನ್ನಷ್ಟೇ ನೋಡಿ ಗೆಲುವಿನ ಕಾರಣ ಹೇಳುವ ಈ ತಪ್ಪನ್ನು ಸಂಖ್ಯಾಶಾಸ್ತ್ರಜ್ಞರು ಉಳಿದುಬಂದವರ ಪಕ್ಷಪಾತವೆಂದು ಕರೆಯುತ್ತಾರೆ. ಅಲ್ಲದೆ ಪಟ್ಟಿಯೊಳಗಿನ ಕಥೆಗಳನ್ನು ಹತ್ತಿರದಿಂದ ನೋಡಿದರೆ ಅವು ಶಾಲೆಗೆ ಅಷ್ಟೇನೂ ವಿರುದ್ಧವಾಗಿಲ್ಲ. ಭೀಮಸೇನ ಜೋಶಿಯವರು ಶಾಲಾ ಶಿಕ್ಷಕರ ಮಗ. ಅವರು ಮನೆ ಬಿಟ್ಟು ಅಲೆದು ಮೊದಲು ನೆಲೆ ಕಂಡದ್ದು ಗ್ವಾಲಿಯರ್‌ನ ಮಾಧವ ಸಂಗೀತ ವಿದ್ಯಾಲಯದಲ್ಲಿ. ಅದು 1918ರಲ್ಲಿ ಅಲ್ಲಿನ ರಾಜಮನೆತನದ ಆಶ್ರಯದಲ್ಲಿ ಆರಂಭವಾದ, ಪಠ್ಯಕ್ರಮವುಳ್ಳ, ತರಗತಿಗಳುಳ್ಳ ಸಂಸ್ಥೆ. ಶಾಲೆ ತಪ್ಪಿಸಿ ಓಡಿದ ಹುಡುಗ ಸೇರಿದ್ದು ಇನ್ನೊಂದು ಶಾಲೆಯನ್ನೇ ಎಂಬ ಸಂಗತಿ ಅವರ ಜೀವನ ಚರಿತ್ರೆಯಲ್ಲಿ ಇದ್ದರೂ, ಜನರ ಬಾಯಲ್ಲಿ ಉಳಿದ ಕಥೆಯಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಗುರುಕುಲವನ್ನು ಅನೌಪಚಾರಿಕವೆಂದು ಕರೆಯುವುದೂ ಪೂರ್ತಿ ಸರಿಯಲ್ಲ. ಕರ್ನಾಟಕ ಸಂಗೀತದ ಆರಂಭಿಕ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆಗಳ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ನಂಬುತ್ತದೆ. ಎಲ್ಲ ಮಕ್ಕಳಿಗೂ ಮೊದಲ ರಾಗ ಮಾಯಾಮಾಳವಗೌಳವೇ ಆಗಿರುವುದು, ಸ್ವರಗಳು ಒಂದೊಂದಾಗಿ ಬಂದು, ಆಮೇಲೆ ಜೋಡಿಯಾಗಿ, ಆಮೇಲೆ ಏಳು ತಾಳಗಳ ಚೌಕಟ್ಟಿನಲ್ಲಿ ಮೂರು ಕಾಲಗಳಲ್ಲಿ ಬರುವುದು, ಇವೆಲ್ಲ ಚೆನ್ನಾಗಿ ಯೋಚಿಸಿ ಕಟ್ಟಿದ ಪಠ್ಯಕ್ರಮದ ಲಕ್ಷಣಗಳು. ಇಷ್ಟು ಹಂತಹಂತವಾದ ಪಾಠಪಟ್ಟಿ ಯಾವ ವಿಶ್ವವಿದ್ಯಾಲಯದ ಅನುಮೋದನೆಗೂ ಕಾಯದೆ ಶತಮಾನಗಳಿಂದ ನಡೆದು ಬಂದಿದೆ. ಪಿಟೀಲು ವಾದಕ ಟಿ. ಚೌಡಯ್ಯನವರು (1895–1967) ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ 1910ರಿಂದ ಮುಂದೆ ಸುಮಾರು ಹದಿನೆಂಟು ವರ್ಷ ಕಲಿತರೆಂಬುದನ್ನು ಗಮನಿಸಿದರೆ, ಇಂದಿನ ಸ್ನಾತಕ, ಸ್ನಾತಕೋತ್ತರ, ಡಾಕ್ಟರೇಟ್ ಮೂರನ್ನೂ ಒಂದರ ಮೇಲೊಂದು ಇಟ್ಟರೂ ಆ ಅವಧಿಗೆ ಸಾಟಿಯಾಗದು. ಆ ಚೌಡಯ್ಯನವರೇ ಮುಂದೆ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ತೆರೆದರು. ಮೈಹರ್ ಘರಾಣೆಯ ಅಲ್ಲಾವುದ್ದೀನ್ ಖಾನರ ಕಟ್ಟುನಿಟ್ಟಿನ ಮನೆಪಾಠದಲ್ಲಿ ಬೆಳೆದ ಅಲಿ ಅಕ್ಬರ್ ಖಾನ್ 1956ರಲ್ಲಿ ಕಲ್ಕತ್ತೆಯಲ್ಲಿ, 1967ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತಮ್ಮ ಹೆಸರಿನ ಸಂಗೀತ ಕಾಲೇಜುಗಳನ್ನು ಆರಂಭಿಸಿದರು. ಗುರುಕುಲದ ಸಾರವನ್ನೆಲ್ಲ ಉಂಡವರು ಸಂಸ್ಥೆ ಕಟ್ಟಲು ಹೊರಟರೆಂದರೆ, ಗುರುಕುಲದಿಂದ ಸಾಧ್ಯವಾಗದ ಏನೋ ಒಂದು ಅವರ ಕಣ್ಣಿಗೆ ಬಿದ್ದಿರಬೇಕು.

ಸಾಧ್ಯವಾಗದ ಆ ಕೆಲಸ ಯಾವುದೆಂದು ತಿಳಿಯಲು ಸಂಗೀತ ಶಾಲೆಗಳು ಹುಟ್ಟಿದ ಕಾಲಕ್ಕೆ ಹೋಗಬೇಕು. ಬರೋಡೆಯಲ್ಲಿ ಸಯಾಜಿರಾವ್ ಗಾಯಕವಾಡರ ಬೆಂಬಲದಿಂದ ಮೌಲಾಬಕ್ಷ್ 1886ರಲ್ಲಿ ಆರಂಭಿಸಿದ ಶಾಲೆ ಮೊದಲ ಪ್ರಯತ್ನಗಳಲ್ಲಿ ಒಂದು. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು; ಅದು ಯಾವ ಒಬ್ಬ ರಾಜನ ಕೃಪೆಯನ್ನೂ ನೆಚ್ಚದೆ ಸಾರ್ವಜನಿಕರ ದೇಣಿಗೆ ಮತ್ತು ಕಛೇರಿಗಳ ಆದಾಯದ ಮೇಲೆ ನಡೆಯಬೇಕೆಂಬುದು ಅವರ ಯೋಜನೆಯಾಗಿತ್ತು. ವೃತ್ತಿಯಿಂದ ವಕೀಲರಾಗಿದ್ದ ವಿಷ್ಣು ನಾರಾಯಣ ಭಾತಖಂಡೆ (1860–1936) ಊರೂರು ತಿರುಗಿ ಉಸ್ತಾದರ ಬಾಯಿಂದ ಚೀಜುಗಳನ್ನು, ಅಂದರೆ ಘರಾಣೆಗಳಲ್ಲಿ ಉಳಿದುಬಂದ ಖ್ಯಾಲ್-ಧ್ರುಪದಗಳ ರಚನೆಗಳನ್ನು, ಸಂಗ್ರಹಿಸಿ ಸ್ವರಲಿಪಿಯಲ್ಲಿ ಬರೆದು ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ವಿಂಗಡಿಸಿದರು. 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜಿನ ಸ್ಥಾಪನೆಗೆ ಕಾರಣರಾದರು. ದಕ್ಷಿಣದಲ್ಲಿ ವಿಜಯನಗರಂನ ಸಂಗೀತ ಕಾಲೇಜು 1919ರಲ್ಲಿ, ಚಿದಂಬರಂನ ಕಾಲೇಜು 1929ರಲ್ಲಿ, ಮದರಾಸು ವಿಶ್ವವಿದ್ಯಾಲಯದ ಸಂಗೀತ ವಿಭಾಗ 1930ರ ದಶಕದ ಆರಂಭದಲ್ಲಿ ಬಂದವು. ಮೈಸೂರಿನ ಲಲಿತಕಲಾ ಕಾಲೇಜು ಬಂದದ್ದು ತಡವಾಗಿ, 1965ರಲ್ಲಿ; ಅರಮನೆಯ ಆಶ್ರಯ ಬಹುಕಾಲ ಉಳಿದಿದ್ದ ಊರಿನಲ್ಲಿ ಕಾಲೇಜಿನ ಅಗತ್ಯ ಬೇಗ ಕಾಣಿಸದಿದ್ದುದು ಸಹಜ.

ಈ ಸಂಸ್ಥೆಗಳು ದೊಡ್ಡ ಕಲಾವಿದರನ್ನು ಹುಟ್ಟಿಸಲಿಲ್ಲವೆಂಬ ಆಕ್ಷೇಪಣೆ ಅವುಗಳಷ್ಟೇ ಹಳೆಯದು. ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಅದು ಅವುಗಳನ್ನು ತಪ್ಪು ಅಳತೆಗೋಲಿನಿಂದ ಅಳೆಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಗೀತವನ್ನು ಕಲಿಯಲು ಸಾಧ್ಯವಿದ್ದದ್ದು ಹೆಚ್ಚಾಗಿ ಸಂಗೀತದ ಮನೆತನಗಳಲ್ಲಿ ಹುಟ್ಟಿದವರಿಗೆ, ದೇವದಾಸಿ ಮತ್ತು ತವಾಯಫ್ ಪರಂಪರೆಯ ಹೆಣ್ಣುಮಕ್ಕಳಿಗೆ, ಇಲ್ಲವೆ ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ನೀರು ಹೊತ್ತು ಸೇವೆ ಮಾಡಲು ಸಿದ್ಧನಿದ್ದ ಗಂಡುಹುಡುಗನಿಗೆ. ಗೃಹಸ್ಥರ ಮನೆಯ ಹೆಣ್ಣುಮಗಳಿಗೆ ಈ ಮೂರು ದಾರಿಗಳೂ ಮುಚ್ಚಿದ್ದವು. ಶುಲ್ಕ ಕೊಟ್ಟು, ಗೊತ್ತಾದ ವೇಳೆಗೆ ಹೋಗಿ, ಕಲಿತು ಮನೆಗೆ ಮರಳುವ ಶಾಲೆ ಆ ಬಾಗಿಲನ್ನು ತೆರೆಯಿತು. ವಿಜ್ಞಾನ ಮತ್ತು ಕಾನೂನು ಓದಿ, ಸಂಗೀತದಲ್ಲಿ ಡಾಕ್ಟರೇಟ್ ಪಡೆದು, ಕಿರಾಣಾ ಘರಾಣೆಯ ಗಾಯನಶೈಲಿಯನ್ನು ಮುಂದುವರಿಸಿದ ಪ್ರಭಾ ಅತ್ರೆಯವರಂಥ ಕಲಾವಿದೆ ಗಂಗೂಬಾಯಿಯವರಿಗೆ ಕೇವಲ ಎರಡು ದಶಕದಷ್ಟು ಕಿರಿಯರು. ಇಬ್ಬರ ನಡುವಿನ ಅಂತರವನ್ನು ಪ್ರತಿಭೆಯ ಲೆಕ್ಕದಲ್ಲಿ ಹೇಳಲಾಗದು. ಹೆಣ್ಣೊಬ್ಬಳು ಸಂಗೀತಕ್ಕೆ ಬರುವ ದಾರಿಯೇ ಆ ಎರಡು ದಶಕಗಳಲ್ಲಿ ಬದಲಾಗಿತ್ತು.

ಬಾಗಿಲು ತೆರೆದ ಈ ಕೈಯೇ ಇನ್ನು ಕೆಲವರ ಮುಖಕ್ಕೆ ಬಾಗಿಲು ಹಾಕಿತು ಎಂಬುದನ್ನೂ ಹೇಳಬೇಕು. ಇತಿಹಾಸಕಾರ್ತಿ ಜಾನಕಿ ಬಖಲೆ 2005ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಪಲುಸ್ಕರ್ ಮತ್ತು ಭಾತಖಂಡೆಯವರ ಸುಧಾರಣೆಗಳಿಂದ ಸಂಗೀತವು ಮಧ್ಯಮವರ್ಗದ ಹಿಂದೂ ಮನೆಗಳ ಗೌರವದ ವಿದ್ಯೆಯಾದ ಬಗೆಯನ್ನೂ, ಆ ಪ್ರಕ್ರಿಯೆಯಲ್ಲಿ ಆವರೆಗೆ ಅದನ್ನು ಕಾಪಾಡಿದ ಮುಸ್ಲಿಂ ಉಸ್ತಾದರು ಅಂಚಿಗೆ ಸರಿದ ಬಗೆಯನ್ನೂ ವಿವರಿಸಿದ್ದಾರೆ. ಉಸ್ತಾದನಿಗೆ ಲಿಪಿ ಬಾರದು, ಶಾಸ್ತ್ರ ತಿಳಿಯದು ಎಂಬ ಮಾತು ಆ ಕಾಲದ ಸುಧಾರಕರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಶಾಸ್ತ್ರಕ್ಕೆ ಆಧಾರವಾದ ಚೀಜುಗಳು ಬಂದದ್ದು ಅದೇ ಉಸ್ತಾದರಿಂದ ಎಂಬುದು ಅಷ್ಟು ಒತ್ತಿ ಬರುವುದಿಲ್ಲ. ಓದಿಗೆ ಮಾನ ಬಂದಾಗ ಓದಿಲ್ಲದವನ ವಿದ್ಯೆಗೂ ಅವಮಾನವಾಗುವುದು ಸಂಗೀತಕ್ಕೆ ಮಾತ್ರ ಸೀಮಿತವಾದ ಅನುಭವವಲ್ಲ.

ಸ್ವರಲಿಪಿ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಒಂದೇ ಉದಾಹರಣೆಯಿಂದ ನೋಡಬಹುದು. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಭೀಮಸೇನ ಜೋಶಿಯವರಿಗೆ ವರ್ಷಗಳ ಕಾಲ ಮುಖ್ಯವಾಗಿ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳನ್ನೇ ತಿದ್ದಿದರೆಂಬುದು ಪ್ರಸಿದ್ಧ. ಇವುಗಳಲ್ಲಿ ತೋಡಿ ಮತ್ತು ಮುಲ್ತಾನಿಗಳ ಸ್ವರಗಳನ್ನು ಕಾಗದದ ಮೇಲೆ ಬರೆದರೆ ಎರಡೂ ಒಂದೇ: ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಭಾತಖಂಡೆಯವರು ಮುಲ್ತಾನಿಯನ್ನು ತೋಡಿ ಥಾಟಿನಲ್ಲೇ ಇಟ್ಟಿದ್ದಾರೆ. ಮುಲ್ತಾನಿಯ ಆರೋಹದಲ್ಲಿ ರಿಷಭ, ಧೈವತಗಳು ವರ್ಜ್ಯ, ಪಂಚಮಕ್ಕೆ ಅಲ್ಲಿ ದೊಡ್ಡ ಸ್ಥಾನ, ತೋಡಿಯಲ್ಲಿ ಪಂಚಮವನ್ನು ಅಲ್ಪವಾಗಿ ಬಳಸುತ್ತಾರೆ, ಒಂದು ಬೆಳಗಿನ ರಾಗ, ಇನ್ನೊಂದು ಇಳಿಹಗಲಿನದು: ಇಷ್ಟನ್ನು ಪುಸ್ತಕ ಹೇಳಬಲ್ಲದು, ಪರೀಕ್ಷೆ ಕೇಳಬಲ್ಲದು. ಆದರೆ ತೋಡಿಯ ಗಾಂಧಾರ ರಿಷಭದ ಕಡೆಗೆ ಎಷ್ಟು ಇಳಿದು ನಿಲ್ಲಬೇಕು, ಮುಲ್ತಾನಿಯ ಗಾಂಧಾರ ಮಧ್ಯಮದ ಸ್ಪರ್ಶ ಹೊತ್ತು ಎಷ್ಟು ಏರಿರಬೇಕು ಎಂಬುದಕ್ಕೆ ಲಿಪಿಯಲ್ಲಿ ಗುರುತಿಲ್ಲ. ಅಕ್ಷರ ಎರಡಕ್ಕೂ ಒಂದೇ. ಅದು ತಂಬೂರಿಯ ಜೊತೆ ಕೂತು, ಶಿಷ್ಯ ಹಾಡಿ, ಗುರು ಅಲ್ಲವೆಂದು, ಮತ್ತೆ ಹಾಡಿ, ಮತ್ತೆ ಅಲ್ಲವೆಂದು, ಒಂದು ದಿನ ಗುರು ಸುಮ್ಮನಾಗುವವರೆಗೆ ನಡೆಯುವ ಕೆಲಸ.

ಕಾಲೇಜಿನ ವೇಳಾಪಟ್ಟಿಯಲ್ಲಿ ಇದಕ್ಕೆ ಎಡೆ ಎಷ್ಟು? ಗಂಟೆಯೊಳಗೆ ಮುಗಿಯಬೇಕಾದ ಪಾಠದಲ್ಲಿ ಹದಿನೈದು ವಿದ್ಯಾರ್ಥಿಗಳಿದ್ದರೆ ಒಬ್ಬೊಬ್ಬರ ಕಂಠಕ್ಕೆ ಸಿಗುವುದು ನಾಲ್ಕು ನಿಮಿಷ. ಹಾಗಾಗಿ ಪಾಠ ಸಹಜವಾಗಿಯೇ ಸಾಮೂಹಿಕ ಗಾಯನಕ್ಕೆ ತಿರುಗುತ್ತದೆ. ಬಂದಿಶನ್ನು ಎಲ್ಲರೂ ಕೂಡಿ ಹಾಡಿ, ಆಲಾಪ-ತಾನುಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಪರೀಕ್ಷೆಗೆ ಬಾಯಿಪಾಠ ಮಾಡುವ ಪದ್ಧತಿ ಬೆಳೆಯುತ್ತದೆ. ಮನೋಧರ್ಮ, ಅಂದರೆ ಕಲಿತದ್ದನ್ನು ಅಲ್ಲಲ್ಲೇ ಹೊಸದಾಗಿ ಕಟ್ಟುವ ಶಕ್ತಿ, ಬರೆದುಕೊಂಡ ತಾನುಗಳಿಂದ ಬರುವಂಥದ್ದಲ್ಲ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ವಿಶಾರದ, ಅಲಂಕಾರ ಪರೀಕ್ಷೆಗಳಾಗಲಿ, ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ ಅಭ್ಯರ್ಥಿಯಿಂದ ಹತ್ತಾರು ರಾಗಗಳ ಪರಿಚಯವನ್ನು ನಿರೀಕ್ಷಿಸುತ್ತವೆ. ಹತ್ತಾರು ರಾಗಗಳ ಪರಿಚಯ ಒಳ್ಳೆಯ ಕೇಳುಗನನ್ನು, ಒಳ್ಳೆಯ ಶಾಲಾ ಶಿಕ್ಷಕನನ್ನು ಮಾಡೀತು. ಮೂರು ರಾಗಗಳಲ್ಲಿ ಮುಳುಗಿದವನು ನಾಲ್ಕನೆಯದನ್ನು ತಾನೇ ಕಂಡುಕೊಳ್ಳುತ್ತಾನೆಂಬ ಹಳೆಯ ನಂಬಿಕೆಗೆ ಮಾತ್ರ ಆ ಪಠ್ಯಪಟ್ಟಿಯಲ್ಲಿ ಅಂಕಗಳಿಲ್ಲ.

ಸಂಸ್ಥೆ ಮತ್ತು ಗುರು ಒಂದೆಡೆ ಕೂಡಿದ ನಿದರ್ಶನಗಳು ಇದಕ್ಕಿಂತ ಹೆಚ್ಚು ಕಲಿಸುತ್ತವೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಕುಮಾರ ಗಂಧರ್ವ ಬಾಲಕನಾಗಿದ್ದಾಗಲೇ ಮುಂಬಯಿಗೆ ಹೋಗಿ ಕಲಿತದ್ದು ಬಿ. ಆರ್. ದೇವಧರರ ಸಂಗೀತ ಶಾಲೆಯಲ್ಲಿ. ದೇವಧರರು ಪಲುಸ್ಕರರ ಶಿಷ್ಯರು, ಪದವೀಧರರು, ಪಾಶ್ಚಾತ್ಯ ಸಂಗೀತವನ್ನೂ ಬಲ್ಲವರು, ಯಾವುದೇ ಒಂದು ಘರಾಣೆಗೆ ಕಟ್ಟುಬೀಳದೆ ಎಲ್ಲ ಕಡೆಯಿಂದಲೂ ಚೀಜು ಕೂಡಿಟ್ಟವರು. ಘರಾಣೆಯ ಗಡಿಗಳನ್ನು ಮೀರಿ ಹಾಡಿದ ಕುಮಾರರ ಸಂಗೀತಕ್ಕೂ ಈ ಶಾಲೆಯ ತೆರೆದ ಹವೆಗೂ ಇರುವ ನಂಟು ಆಕಸ್ಮಿಕವಲ್ಲ; ಒಬ್ಬನೇ ಉಸ್ತಾದನ ಮನೆಯಲ್ಲಿ ಅಂಥ ಸ್ವಾತಂತ್ರ್ಯ ಸಿಗುವುದು ಕಷ್ಟವಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮ ಇನ್ನೊಂದು ಬಗೆಯದು. ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಈ ಆಶ್ರಮ ಜಾತಿ ನೋಡದೆ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ, ವಸತಿ, ಸಂಗೀತ ಮೂರನ್ನೂ ಉಚಿತವಾಗಿ ಕೊಟ್ಟಿತು. ಬಸವರಾಜ ರಾಜಗುರು ಅವರಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ತಯಾರಾದವರು. ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ನಸುಕಿನಲ್ಲೆದ್ದು ಸಾಧನೆ ಮಾಡುವ ನೂರಾರು ಮಕ್ಕಳ ನಡುವೆ ಕಲಿಕೆ ನಡೆಯುವಾಗ ಒಂದು ಗಂಟೆಯ ಪಿರಿಯಡ್ಡಿನ ಸಮಸ್ಯೆ ಹುಟ್ಟುವುದೇ ಇಲ್ಲ. ಕಲ್ಕತ್ತೆಯಲ್ಲಿ 1970ರ ದಶಕದ ಕೊನೆಗೆ ಆರಂಭವಾದ ಐಟಿಸಿ ಸಂಗೀತ ಸಂಶೋಧನಾ ಅಕಾಡೆಮಿ ಗುರುಗಳನ್ನೂ ಶಿಷ್ಯರನ್ನೂ ಒಂದೇ ಆವರಣದಲ್ಲಿರಿಸಿ, ವಿದ್ಯಾರ್ಥಿವೇತನ ಕೊಟ್ಟು ಕಲಿಸುತ್ತದೆ. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗಂಗೂಬಾಯಿಯವರ ಹೆಸರಿನಲ್ಲಿರುವ ಸರ್ಕಾರಿ ಗುರುಕುಲದ ಕಲ್ಪನೆಯೂ ಅದೇ.

ಮನಃಶಾಸ್ತ್ರದ ಸಂಶೋಧನೆಗಳು ಈ ಚರ್ಚೆಗೆ ಒಂದು ಮಿತಿಯೊಳಗೆ ನೆರವಾಗುತ್ತವೆ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್‌ನ ಸಂಗೀತ ಅಕಾಡೆಮಿಯೊಂದರ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತಮರೆಂದು ಗುರುತಿಸಲ್ಪಟ್ಟವರು ಇಪ್ಪತ್ತನೆಯ ವಯಸ್ಸಿಗೆ ಸರಾಸರಿ ಹತ್ತು ಸಾವಿರ ಗಂಟೆಗಿಂತ ಹೆಚ್ಚು ಏಕಾಂತ ಅಭ್ಯಾಸ ಮಾಡಿದ್ದರೆಂದು ಕಂಡುಬಂದಿತು. ಇದು ಮುಂದೆ ಜನಪ್ರಿಯ ಪುಸ್ತಕಗಳಲ್ಲಿ ಹತ್ತು ಸಾವಿರ ಗಂಟೆಯ ಮಂತ್ರವಾಗಿ ಸವೆದುಹೋಯಿತು. 2014ರಲ್ಲಿ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಗೀತಗಾರರ ಸಾಧನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇಕಡಾ 21ರಷ್ಟನ್ನು ಮಾತ್ರ ಇಂಥ ಅಭ್ಯಾಸದಿಂದ ವಿವರಿಸಬಹುದೆಂದು ತಿಳಿಯಿತು. ಉಳಿದದ್ದು ಆರಂಭದ ವಯಸ್ಸು, ಹುಟ್ಟುಗುಣ, ಮನೆಯ ವಾತಾವರಣ, ಸಿಕ್ಕ ಗುರು ಮೊದಲಾದವುಗಳಲ್ಲಿ ಹಂಚಿಹೋಗಿರಬೇಕು. ಇಲ್ಲಿ ಗಮನಿಸಬೇಕಾದುದು ಬೇರೊಂದಿದೆ: ಎರಿಕ್ಸನ್ ಹೇಳಿದ ಅಭ್ಯಾಸ ಬರಿಯ ಪುನರಾವರ್ತನೆಯಲ್ಲ, ತಪ್ಪನ್ನು ಹಿಡಿದು ತಿದ್ದಬಲ್ಲ ಶಿಕ್ಷಕನು ಗೊತ್ತುಮಾಡಿಕೊಟ್ಟ ಅಭ್ಯಾಸ. ತಾಲೀಮು ಮತ್ತು ರಿಯಾಜ್ ಎಂದು ಹಿಂದೂಸ್ತಾನಿ ಸಂಪ್ರದಾಯ ಎರಡು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿರುವುದು ಇದೇ ತಿಳಿವಳಿಕೆಯಿಂದ. ಮೊದಲನೆಯದು ಗುರುವಿನ ಎದುರು, ಎರಡನೆಯದು ಒಬ್ಬನೇ.

ಇನ್ನು ಗಳಿಕೆಯ ಪ್ರಶ್ನೆ. ಶಿಕ್ಷಣದಿಂದ ಆದಾಯ ಏಕೆ ಹೆಚ್ಚುತ್ತದೆಂಬುದಕ್ಕೆ ಅರ್ಥಶಾಸ್ತ್ರಜ್ಞರು ಎರಡು ಉತ್ತರ ಕೊಟ್ಟಿದ್ದಾರೆ. ಗ್ಯಾರಿ ಬೆಕರ್ 1964ರ ತಮ್ಮ ಗ್ರಂಥದಲ್ಲಿ ಬೆಳೆಸಿದ ಮಾನವ ಬಂಡವಾಳದ ಸಿದ್ಧಾಂತದ ಪ್ರಕಾರ ಓದು ಮನುಷ್ಯನ ಸಾಮರ್ಥ್ಯವನ್ನೇ ಹೆಚ್ಚಿಸುತ್ತದೆ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಮಂಡಿಸಿದ ಸಂಕೇತ ಸಿದ್ಧಾಂತದ ಪ್ರಕಾರ ಪದವಿಯು ಸಾಮರ್ಥ್ಯವನ್ನು ಹೆಚ್ಚಿಸದಿದ್ದರೂ, ಅದು ಇದೆಯೆಂದು ತೋರಿಸುವ ಗುರುತು. ಕೆಲಸ ಕೊಡುವವನಿಗೆ ಅಭ್ಯರ್ಥಿಯ ಒಳಗನ್ನು ನೇರವಾಗಿ ನೋಡಲಾಗದ ಕಾರಣ ಆತ ಗುರುತನ್ನು ನಂಬುತ್ತಾನೆ. ಸಂಗೀತಕ್ಕೆ ಈ ಎರಡನೆಯ ಸಿದ್ಧಾಂತವನ್ನು ಅನ್ವಯಿಸಿದರೆ ಅನೇಕ ಗೊಂದಲಗಳು ತಿಳಿಯಾಗುತ್ತವೆ. ವೇದಿಕೆಯಲ್ಲಿ ಕಲಾವಿದನ ಸಾಮರ್ಥ್ಯ ಬಚ್ಚಿಟ್ಟದ್ದಲ್ಲ, ಷಡ್ಜ ಹಿಡಿದ ಕ್ಷಣದಿಂದ ಅದು ಎಲ್ಲರ ಕಿವಿಗೂ ಬೀಳುತ್ತದೆ. ಹಾಗಾಗಿ ಅಲ್ಲಿ ಪ್ರಮಾಣಪತ್ರಕ್ಕೆ ಕೆಲಸವಿಲ್ಲ. ಯಾವ ಸಭೆಯೂ ರಾಮೋತ್ಸವದ ಕಛೇರಿಗೆ ಕರೆಯುವ ಮುನ್ನ ಅಂಕಪಟ್ಟಿ ಕೇಳುವುದಿಲ್ಲ. ಆಕಾಶವಾಣಿ ಕೂಡ 1950ರ ದಶಕದಲ್ಲಿ, ಕಲಾವಿದರ ಪ್ರತಿಭಟನೆಯ ನಡುವೆಯೂ, ಧ್ವನಿಪರೀಕ್ಷೆಯ ಪದ್ಧತಿಯನ್ನು ಜಾರಿಗೆ ತಂದು, ಹಾಡು ಕೇಳಿ ಬಿ, ಬಿ-ಹೈ, ಎ, ಟಾಪ್ ಎಂಬ ದರ್ಜೆಗಳನ್ನು ಕೊಡುತ್ತ ಬಂದಿದೆ. ಶಾಲೆಯ ಸಂಗೀತ ಶಿಕ್ಷಕ, ಕಾಲೇಜಿನ ಅಧ್ಯಾಪಕ ಮುಂತಾದ ಹುದ್ದೆಗಳಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ನೇಮಕಾತಿ ಮಾಡುವ ಕಚೇರಿಗೆ ರಾಗ ಕೇಳುವ ಕಿವಿಯಿಲ್ಲ, ಕಡತ ಓದುವ ಕಣ್ಣಿದೆ. ತಿಂಗಳ ಸಂಬಳ, ನಿವೃತ್ತಿ ವೇತನ ಇರುವುದು ಈ ಹುದ್ದೆಗಳಲ್ಲೇ ಆದ್ದರಿಂದ, ಕಲೆಗೆ ಬೇಡವಾದ ಪದವಿ ಕಲಾವಿದನಿಗೆ ಬೇಕಾಗುತ್ತದೆ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟ ಮನ್ಸೂರರು ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಹೊಣೆ ಹೊತ್ತ ಕಾಲ ಬೇರೆ. ಇಂದು ಅದೇ ಅರ್ಹತೆಯ ತರುಣನ ಅರ್ಜಿ ಮೊದಲ ಪರಿಶೀಲನೆಯಲ್ಲೇ ತಿರಸ್ಕೃತವಾಗುವ ಸಂಭವ ಹೆಚ್ಚು.

ಸಂಗೀತದ ಹೊರಗಿನ ಓದು ಸಂಗೀತಕ್ಕೆ ಅಡ್ಡಿಯೆ? ಮೈಸೂರು ವಾಸುದೇವಾಚಾರ್ಯರು (1865–1961) ಮೈಸೂರಿನಲ್ಲಿ ಸಂಸ್ಕೃತವನ್ನು ಶಾಸ್ತ್ರೋಕ್ತವಾಗಿ ಓದಿ, ತಿರುವೈಯಾರಿನಲ್ಲಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಸಂಗೀತ ಕಲಿತವರು. ತೆಲುಗು ಮತ್ತು ಸಂಸ್ಕೃತದಲ್ಲಿ ಅವರು ರಚಿಸಿದ ಕೃತಿಗಳ ಹಿಂದೆ ಆ ಓದು ಎದ್ದು ಕಾಣುತ್ತದೆ. ಸಾಹಿತ್ಯವೇ ಬೆನ್ನೆಲುಬಾಗಿರುವ ಕರ್ನಾಟಕ ಸಂಗೀತದಲ್ಲಿ ಭಾಷೆಯ ಅರಿವಿಲ್ಲದ ಗಾಯಕ ಪದವನ್ನು ತಪ್ಪು ಜಾಗದಲ್ಲಿ ಒಡೆದು ಅರ್ಥಕ್ಕೆ ಅನರ್ಥ ತರುವುದನ್ನು ಕೇಳುಗರು ಬಲ್ಲರು. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ (1920–1997) ವೆಂಕಟಗಿರಿಯಪ್ಪನವರ ಶಿಷ್ಯತ್ವದ ಜೊತೆಗೇ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು ಮತ್ತು ಆಕಾಶವಾಣಿಯಲ್ಲಿ ಕೆಲಸ ಮಾಡಿದರು. ಸರೋದ್ ವಾದಕ ರಾಜೀವ ತಾರಾನಾಥರು (1932–2024) ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು ವರ್ಷಗಟ್ಟಲೆ ಪಾಠ ಹೇಳಿದವರು. ಜೈಪುರ-ಅತ್ರೌಲಿ ಘರಾಣೆಯ ಅಶ್ವಿನಿ ಭಿಡೆ-ದೇಶಪಾಂಡೆಯವರು ಜೀವರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಓದು ಇವರ ಸ್ವರವನ್ನು ಸಣ್ಣದು ಮಾಡಲಿಲ್ಲ. ಹಾಗೆಂದು ಬೆಲೆ ತೆರಬೇಕಾಗಲಿಲ್ಲವೆಂದಲ್ಲ. ಹದಿನೈದರಿಂದ ಇಪ್ಪತ್ತೈದರವರೆಗಿನ ವಯಸ್ಸು ಕಂಠಕ್ಕೂ ಕೈಗೂ ಹೇಗೆ ಮುಖ್ಯವೋ ಪದವಿಗೂ ಹಾಗೆಯೇ, ಮತ್ತು ದಿನಕ್ಕಿರುವುದು ಇಪ್ಪತ್ನಾಲ್ಕೇ ಗಂಟೆ. ಎರಡನ್ನೂ ನಿಭಾಯಿಸಿದವರ ಹಿಂದೆ ಬಹುಮಟ್ಟಿಗೆ ಸಂಗೀತವನ್ನು ಬಾಲ್ಯದಿಂದಲೇ ಕಿವಿಗೆ ಹಾಕಿದ ಮನೆ ಇತ್ತು. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯೂ ಸಾಂಸ್ಕೃತಿಕ ಬಂಡವಾಳವೆಂದು ಕರೆದದ್ದು ಇದನ್ನೇ: ಹಣವಲ್ಲದಿದ್ದರೂ ಆಸ್ತಿಯಂತೆ ತಂದೆತಾಯಿಯಿಂದ ಮಕ್ಕಳಿಗೆ ಬರುವ ಅಭಿರುಚಿ, ನಡೆನುಡಿ ಮತ್ತು ತಿಳಿವಳಿಕೆ.

ಸಂಗೀತ ಕಲಿತರೆ ಮಕ್ಕಳ ಬುದ್ಧಿ ಚುರುಕಾಗುತ್ತದೆಂಬ ಪ್ರಚಾರವನ್ನು ಇಲ್ಲಿ ಹೆಚ್ಚು ಚರ್ಚಿಸಬೇಕಿಲ್ಲ. 1993ರಲ್ಲಿ ಪ್ರಕಟವಾದ, ಮೊಜಾರ್ಟ್ ಪರಿಣಾಮವೆಂದು ಹೆಸರಾದ ಪ್ರಯೋಗ ದಾಖಲಿಸಿದ್ದು ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವು ನಿಮಿಷ ಮಾತ್ರ ಉಳಿದ ಒಂದು ಸಣ್ಣ ವ್ಯತ್ಯಾಸವನ್ನು. ಅದರ ಮೇಲೆ ಕಟ್ಟಿದ ವ್ಯಾಪಾರ ದೊಡ್ಡದು. ಮಕ್ಕಳಿಗೆ ಸಂಗೀತ ಕಲಿಸಲು ಸಂಗೀತವೇ ಸಾಕಷ್ಟು ಕಾರಣ.

ಹೆಚ್ಚು ಗಮನ ಬೇಡುವುದು ಸಂಗೀತ ಪದವಿಗಳು ಕಲಿಸದೆ ಬಿಡುವ ವಿಷಯಗಳು. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಚಲನಚಿತ್ರಗಳಿಗೆ ಮತ್ತು ಧ್ವನಿಮುದ್ರಣಗಳಿಗೆ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಪಾಲನ್ನು, ಬರೆದುಕೊಟ್ಟರೂ ಕಳೆದುಹೋಗದ ಹಕ್ಕಾಗಿ ಕೊಟ್ಟಿದೆ. ಧ್ವನಿಮುದ್ರಣದ ಕರಾರುಪತ್ರ ಓದುವುದು, ವಿದೇಶದ ಕಛೇರಿಯ ಷರತ್ತುಗಳನ್ನು ತಿಳಿಯುವುದು, ತೆರಿಗೆ ಲೆಕ್ಕ ಇಡುವುದು, ಕಂಠವನ್ನು ನಲವತ್ತು ವರ್ಷ ಕಾಪಾಡಿಕೊಳ್ಳುವುದು, ಇವು ಸಂಗೀತದಿಂದಲೇ ಬದುಕುವವನಿಗೆ ರಾಗಲಕ್ಷಣದಷ್ಟೇ ಅಗತ್ಯವಾದರೂ, ಪಠ್ಯಕ್ರಮದಲ್ಲಿ ಇವಕ್ಕೆ ಸಿಗುವ ಜಾಗ ತೀರ ಕಡಿಮೆ. ಭಾರತರತ್ನ ಬಿಸ್ಮಿಲ್ಲಾ ಖಾನರಂಥವರೂ ಕೊನೆಗಾಲದಲ್ಲಿ ಹಣದ ಅಡಚಣೆ ಅನುಭವಿಸಿದ್ದು ಲೋಕಕ್ಕೆ ಗೊತ್ತಿರುವ ವಿಷಯ. ದೊಡ್ಡ ಕಲೆ ಸುಖದ ಮುಪ್ಪಿಗೆ ಜಾಮೀನಲ್ಲ.

ಪದವಿ ಇಲ್ಲದ ಗುರುವನ್ನು ವಿಶ್ವವಿದ್ಯಾಲಯದೊಳಕ್ಕೆ ಕರೆತರುವ ದಾರಿಗಳು ಇತ್ತೀಚೆಗೆ ನಿಯಮದ ಮಟ್ಟದಲ್ಲಿ ತೆರೆದಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನೇಮಕಾತಿ ನಿಯಮಗಳು, ಹೆಸರಾಂತ ಗುರುಗಳ ಬಳಿ ಕಲಿತು ಆಕಾಶವಾಣಿಯ ಎ ದರ್ಜೆ ಪಡೆದ ಕಲಾವಿದರಿಗೆ ಸಂಶೋಧನಾ ಪದವಿಗೆ ಬದಲಾದ ಅರ್ಹತೆಯೊಂದನ್ನು ಒಪ್ಪಿಕೊಂಡಿವೆ. 2022ರಲ್ಲಿ ಆಯೋಗ ಹೊರಡಿಸಿದ ಮಾರ್ಗಸೂಚಿ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ ಹದಿನೈದು ವರ್ಷ ದುಡಿದ ಪರಿಣತರನ್ನು ಯಾವ ಪದವಿಯ ಕಡ್ಡಾಯವೂ ಇಲ್ಲದೆ ವೃತ್ತಿನಿರತ ಪ್ರಾಧ್ಯಾಪಕರಾಗಿ ನೇಮಿಸಲು ಅವಕಾಶ ಕೊಟ್ಟಿದೆ. ಆದರೆ ಅಂಥ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರುವಂತಿಲ್ಲ, ಒಬ್ಬರ ಸೇವಾವಧಿ ಸಾಮಾನ್ಯವಾಗಿ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ನಾಲ್ಕು. ಮೂರು ವರ್ಷದ ಸ್ನಾತಕ ಪದವಿಗೆ ಅಂಥ ಕಲಾವಿದರ ಎದುರು ತಂಬೂರಿ ಹಿಡಿದು ಕೂತ ವಿದ್ಯಾರ್ಥಿ ಸ್ನಾತಕೋತ್ತರದ ಕೊನೆಯ ಪರೀಕ್ಷೆ ಬರೆಯುವ ಹೊತ್ತಿಗೆ, ಈಗಿನ ನಿಯಮದ ಪ್ರಕಾರ, ಅವರು ಆ ಕಾಲೇಜಿನಲ್ಲಿ ಇರುವುದಿಲ್ಲ.